ನೂರು ದನಕ್ಕೆ ಮೂವತ್ತು ಎಕರೆ

ಕರ್ನಾಟಕ ಭೂಕಂದಾಯ ನಿಯಮಗಳು, 1966. ಅದರ 97ನೇ ನಿಯಮ ಹೇಳುವುದು ಬಹಳ ಸರಳ: ಊರಿನಲ್ಲಿ 100 ದನಗಳಿದ್ದರೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಜಮೀನನ್ನು ಅವುಗಳ ಮೇವಿಗೆಂದು ಬಿಟ್ಟಿರಬೇಕು. ಅದೇ ಗೋಮಾಳ. 400 ದನಗಳಿರುವ ಊರಿಗೆ 120 ಎಕರೆ. ಓದಿದವರಿಗೆ, ಪರವಾಗಿಲ್ಲ, ಸರ್ಕಾರ ದನಗಳ ಪರ ಇದೆ ಅನ್ನಿಸುತ್ತದೆ.

ಕಚೇರಿಯಲ್ಲಿ ಈ ನಿಯಮ ನಡೆಯುವುದು ತಿರುವುಮುರುವಾಗಿ. ಯಾವುದೋ ಯೋಜನೆಗೆ ಜಾಗ ಬೇಕಾದಾಗ ತಾಲ್ಲೂಕು ಕಚೇರಿಯಿಂದ ಪಶುಪಾಲನಾ ಇಲಾಖೆಗೆ ಪತ್ರ ಹೋಗುತ್ತದೆ. ಈ ಗ್ರಾಮದಲ್ಲಿ ಜಾನುವಾರು ಎಷ್ಟಿವೆ? ಲೆಕ್ಕ ಬರುತ್ತದೆ. ನಿಯಮದ ಪ್ರಕಾರ ಬೇಕಾದಷ್ಟು ಎಕರೆ ಕಳೆದು ಉಳಿದದ್ದು ‘ಹೆಚ್ಚುವರಿ ಗೋಮಾಳ’ ಎನ್ನಿಸಿಕೊಳ್ಳುತ್ತದೆ. ಹೆಚ್ಚುವರಿ ಎಂದಾದ ಮೇಲೆ ಜಿಲ್ಲಾಧಿಕಾರಿಗಳು ಅದನ್ನು ಬೇರೆ ಉದ್ದೇಶಕ್ಕೆ ಕೊಡಬಹುದು. ಜಾಗ ಕಡಿಮೆಯಾಯಿತೆಂದು ರೈತ ಒಂದೆರಡು ದನ ಮಾರುತ್ತಾನೆ. ಮುಂದಿನ ಗಣತಿಯಲ್ಲಿ ದನ ಇನ್ನೂ ಕಡಿಮೆ, ಹೆಚ್ಚುವರಿ ಗೋಮಾಳ ಇನ್ನೂ ಹೆಚ್ಚು. ರಾಜ್ಯದ ಲೆಕ್ಕವನ್ನೇ ನೋಡಿ: 2012ರ ಜಾನುವಾರು ಗಣತಿಯಲ್ಲಿ ಕರ್ನಾಟಕದಲ್ಲಿದ್ದ ಹಸು-ಎತ್ತುಗಳು ಸುಮಾರು 95 ಲಕ್ಷ, 2019ರಲ್ಲಿ ಸುಮಾರು 85 ಲಕ್ಷ. ಏಳು ವರ್ಷಕ್ಕೆ ಹತ್ತು ಲಕ್ಷ ಕಡಿಮೆ.

ಈ ಲೆಕ್ಕಾಚಾರ ನೆಲದ ಮೇಲೆ ಹೇಗಿರುತ್ತದೆ ಎಂದು ನೋಡಬೇಕಾದರೆ ದೊಡ್ಡಬಳ್ಳಾಪುರದಿಂದ ಪಶ್ಚಿಮಕ್ಕೆ, ದಾಬಸ್‌ಪೇಟೆ ರಸ್ತೆ ಹಿಡಿದು ದೊಡ್ಡಬೆಳವಂಗಲದ ಕಡೆ ಹೊರಡಬೇಕು. ಹೋಬಳಿ ಕೇಂದ್ರ ಇದು. ಸುತ್ತ ರಾಗಿ ಹೊಲ, ಮುಸುಕಿನ ಜೋಳ, ಅಲ್ಲಲ್ಲಿ ಹಿಪ್ಪುನೇರಳೆ, ದ್ರಾಕ್ಷಿ ಚಪ್ಪರ, ನೀಲಗಿರಿ ತೋಪು. ನಡುವೆ ಬೆಂಗಳೂರಿನ ಸುತ್ತ ಹಾಕಿರುವ ಉಪನಗರ ವರ್ತುಲ ರಸ್ತೆ. ಹಳೆಯ ರಸ್ತೆಯನ್ನು ಅಗಲ ಮಾಡಿ, ಊರುಗಳ ಪಕ್ಕದಲ್ಲಿ ಹೊಸದಾಗಿ ಎಳೆದು ಕಟ್ಟಿದ ಈ ಹೆದ್ದಾರಿ ಬಂದ ಮೇಲೆ ದಾಬಸ್‌ಪೇಟೆಯಿಂದ ಹೊಸಕೋಟೆಗೆ ಲಾರಿ ನಿಲ್ಲದೆ ಓಡುತ್ತದೆ. ದನ ಮಾತ್ರ ಆಚೆ ದಡದ ಹೊಲಕ್ಕೆ ಹೋಗಬೇಕಾದರೆ ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು.

ರಸ್ತೆ ಬಂದ ಮೇಲೆ ಉಳಿದದ್ದೆಲ್ಲ ಅದರ ಹಿಂದೆಯೇ ಬಂತು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ‘ಕ್ವಿನ್ ಸಿಟಿ’ ಎಂಬ ಹೊಸ ನಗರವನ್ನು ಘೋಷಿಸಿತು. ಜ್ಞಾನ, ಆರೋಗ್ಯ, ಸಂಶೋಧನೆಗೆ ಮೀಸಲಾದ ಊರಂತೆ. ಜಾಗ ದೊಡ್ಡಬಳ್ಳಾಪುರ ಮತ್ತು ದಾಬಸ್‌ಪೇಟೆಯ ನಡುವೆ. ವಿಸ್ತಾರ 5,800 ಎಕರೆ. ದೊಡ್ಡಬೆಳವಂಗಲ ಇರುವುದೂ ಈ ಎರಡು ಊರುಗಳ ನಡುವೆಯೇ.

ಹಾಗೆಂದು ಇಲ್ಲಿ ಹೈನುಗಾರಿಕೆ ಸೊರಗಿದೆ ಎಂದುಕೊಂಡರೆ ತಪ್ಪು. ಬೆಳಿಗ್ಗೆ ಯಾವುದೇ ಹಳ್ಳಿಯ ಡೇರಿ ಮುಂದೆ ನಿಂತರೆ ಸಾಕು. ಕ್ಯಾನು, ಬಕೆಟ್ಟು, ಸ್ಟೀಲ್ ಚೊಂಬು ಹಿಡಿದು ಬರುವವರಲ್ಲಿ ಹೆಂಗಸರೇ ಹೆಚ್ಚು. ಕಾರ್ಯದರ್ಶಿ ಹಾಲು ಅಳೆದು, ಒಂದು ಚಿಕ್ಕ ಲೋಟದಷ್ಟು ತೆಗೆದು ಯಂತ್ರದ ಕೊಳವೆಗೆ ಹಿಡಿಯುತ್ತಾರೆ. ಅರೆ ನಿಮಿಷದಲ್ಲಿ ಚೀಟಿ ಬರುತ್ತದೆ: ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು, ರೇಟು ಎಷ್ಟು. ಫ್ಯಾಟ್ 3.5 ಮುಟ್ಟಿದೆಯೇ, ಎಸ್‌ಎನ್‌ಎಫ್ 8.5 ಆಗಿದೆಯೇ ಎಂದು ಓದುಬರಹ ಅಷ್ಟಾಗಿ ತಿಳಿಯದ ಅಜ್ಜಿಯೂ ಚೀಟಿಯ ಮೂಲೆಯಲ್ಲಿ ಕಣ್ಣಾಡಿಸಿ ಹೇಳುತ್ತಾರೆ. ಅಷ್ಟು ಬರಲಿಲ್ಲ ಎಂದರೆ ಅವತ್ತು ಮುಖ ಸಪ್ಪೆ.

ಈ ಚೀಟಿಯ ಹಿಂದೆ ಅರವತ್ತು ವರ್ಷದ ಕಥೆ ಇದೆ. ಯುನಿಸೆಫ್ ನೆರವಿನ ಬೆಂಗಳೂರು ಡೇರಿಯನ್ನು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ 1965ರ ಜನವರಿಯಲ್ಲಿ ಉದ್ಘಾಟಿಸಿದರು. ಎಪ್ಪತ್ತರ ದಶಕದ ನಡುವೆ ವಿಶ್ವಬ್ಯಾಂಕಿನ ಸಾಲದಲ್ಲಿ ಹಳ್ಳಿಹಳ್ಳಿಗೆ ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದವು. ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮವಾಗಿ ಶುರುವಾದದ್ದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು. ದೊಡ್ಡಬಳ್ಳಾಪುರಕ್ಕೆ ಹತ್ತಿರದ ಹೆಸರಘಟ್ಟದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಹೋರಿಗಳ ವೀರ್ಯ ಶೇಖರಣೆ, ತಳಿ ಅಭಿವೃದ್ಧಿ ನಡೆಯಿತು. ಸೀಮೆ ಹಸು ಕೊಟ್ಟಿಗೆಗೆ ಬಂತು, ನಾಟಿ ತಳಿ ಹಳ್ಳಿಕಾರ್ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು. 2024ರ ಮಧ್ಯದಲ್ಲಿ ಮಹಾಮಂಡಳ ದಿನಕ್ಕೆ ಒಂದು ಕೋಟಿ ಲೀಟರ್ ಹಾಲು ಸಂಗ್ರಹದ ಗಡಿ ದಾಟಿತು.  

ಸರ್ಕಾರಗಳು ಹಾಲಿನ ಬಗ್ಗೆ ಧಾರಾಳವಾಗಿಯೇ ಇವೆ. 2008ರಲ್ಲಿ ಲೀಟರಿಗೆ ಎರಡು ರೂಪಾಯಿ ಪ್ರೋತ್ಸಾಹಧನ ಶುರುವಾಗಿ ನಾಲ್ಕಾಯಿತು, ಆಮೇಲೆ ಐದಾಯಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ ನಾಲ್ಕು ರೂಪಾಯಿ ಏರಿದಾಗ, ಆ ಹಣ ಉತ್ಪಾದಕರಿಗೇ ಎಂದು ಹೇಳಲಾಯಿತು. ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ, ಹಾಲಿಗೆ ಎರಡು ಏರಿದರೆ ಬೂಸಾ, ಹಿಂಡಿ, ಫೀಡಿನ ಮೂಟೆ ಅದಕ್ಕೂ ಮುಂಚೆಯೇ ಏರಿರುತ್ತದೆ ಎಂಬುದು ಡೇರಿ ಜಗಲಿಯ ನಿತ್ಯದ ಮಾತು. ಈ ಜಗಳ ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ಲೀಟರಿನ ಗದ್ದಲದಲ್ಲಿ ಎಕರೆಯ ಪ್ರಶ್ನೆ ಯಾರಿಗೂ ಕೇಳಿಸುತ್ತಿಲ್ಲ.

ಎಕರೆಯ ಲೆಕ್ಕ ಹೀಗಿದೆ. ಕರೆಯುವ ಸೀಮೆ ಹಸುವಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿಮೇವು, ಐದಾರು ಕಿಲೋ ಒಣಹುಲ್ಲು ಬೇಕು. ವರ್ಷಕ್ಕೆ ಹತ್ತು ಟನ್ ಹಸಿಮೇವು. ಬೋರ್‌ವೆಲ್ ನೀರಿದ್ದು ಚೆನ್ನಾಗಿ ಗೊಬ್ಬರ ಹಾಕಿದರೆ ಸೀಮೆ ಹುಲ್ಲು ಎಕರೆಗೆ ನೂರು ಟನ್ ಕೊಡುತ್ತದೆ. ಅಂದರೆ ಹತ್ತು ಗುಂಟೆಯಲ್ಲಿ ಎರಡು ಹಸು ಸಾಕಬಹುದು. ಆ ಹತ್ತು ಗುಂಟೆ ಇಲ್ಲದವರು ಏನು ಮಾಡುತ್ತಾರೆ? ಬದುವಿನಲ್ಲಿ ಕೊಯ್ಯುತ್ತಾರೆ. ಕೆರೆ ಅಂಗಳದಲ್ಲಿ, ಕಾಲುವೆ ಅಂಚಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ ಕೊಯ್ಯುತ್ತಾರೆ. ಕಳೆ ಕೀಳಲು ಹೋದ ಹೊಲದಿಂದ ಕೂಲಿಯ ಜೊತೆ ಒಂದು ಹೊರೆ ಹುಲ್ಲೂ ತರುತ್ತಾರೆ. ಬಡಾವಣೆ ಆಗಿ ಐದಾರು ವರ್ಷವಾದರೂ ಮನೆ ಏಳದ ಸೈಟುಗಳಲ್ಲಿ ಮಳೆಗಾಲದ ಹುಲ್ಲು ಸೊಂಟದೆತ್ತರ ಬೆಳೆದಿರುತ್ತದೆ. ಅದೂ ಹಸುವಿನ ಹೊಟ್ಟೆಗೇ. ಬೆಂಗಳೂರಿನಲ್ಲಿ ಬೆಳಗಿನ ಕಾಫಿಗೆ ಬೀಳುವ ಹಾಲಿನ ಒಂದು ಪಾಲು, ಯಾರದ್ದೋ ನಿವೃತ್ತಿಯ ಕನಸಿನ ಸೈಟಿನಲ್ಲಿ ಬೆಳೆದ ಹುಲ್ಲಿನಿಂದ ಬರುತ್ತದೆ ಎಂದರೆ ಅತಿಶಯವಲ್ಲ.

ಒಣಹುಲ್ಲಿನ ಕಥೆ ಇನ್ನೂ ಸೂಕ್ಷ್ಮ. ಈ ಸೀಮೆಯಲ್ಲಿ ಒಣಹುಲ್ಲು ಎಂದರೆ ರಾಗಿ ಹುಲ್ಲು. ಹಾಲಿಗೆ ಫ್ಯಾಟ್ ತರುವುದು ನಾರಿನ ಮೇವು. ಬರೀ ಹಸಿಹುಲ್ಲು, ಫೀಡು ತಿಂದ ಹಸುವಿನ ಹಾಲು ಲೀಟರಿನಲ್ಲಿ ಹೆಚ್ಚಿದರೂ ಚೀಟಿಯಲ್ಲಿ ತೆಳ್ಳಗೆ ಕಾಣುತ್ತದೆ. ಹಾಗಾಗಿ ಬಣವೆ ಇರುವ ಮನೆಗೆ ಡೇರಿಯಲ್ಲಿ ಒಂದು ತೂಕ ಹೆಚ್ಚು. ಈಗ ರಾಗಿ ಕೊಯ್ಲಿಗೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಕೊಯ್ಲಿನ ಯಂತ್ರ ಗಂಟೆಯ ಲೆಕ್ಕದಲ್ಲಿ ಬಂದು ಹೊಲ ಮುಗಿಸುತ್ತದೆ. ಆದರೆ ಅದು ತೆನೆಯನ್ನು ಮೇಲಿನಿಂದ ಕತ್ತರಿಸಿ, ಹುಲ್ಲನ್ನು ಪುಡಿ ಮಾಡಿ ಚೆಲ್ಲಿ ಹೋಗುತ್ತದೆ. ಬುಡದ ಹುಲ್ಲು ಹೊಲದಲ್ಲೇ ನಿಲ್ಲುತ್ತದೆ. ಕೈಯಲ್ಲಿ ಕೊಯ್ದು, ಅರಿ ಕಟ್ಟಿ, ಒಣಗಿಸಿ, ಬಣವೆ ಒಟ್ಟಿದ ಹುಲ್ಲನ್ನು ದನ ತಿನ್ನುವ ಹಾಗೆ ಈ ಮಣ್ಣುಮಿಶ್ರಿತ ಪುಡಿಯನ್ನು ತಿನ್ನುವುದಿಲ್ಲ. ರಾಗಿಯ ಬೆಂಬಲ ಬೆಲೆ 2024–25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ ಇದ್ದದ್ದು 2025–26ಕ್ಕೆ 4,886 ಆಯಿತು. ರಾಗಿಕಾಳಿಗೆ ಸರ್ಕಾರ ಬೆಲೆ ಕಟ್ಟಿತು. ಹುಲ್ಲಿಗೆ ಕಟ್ಟಿದವರಿಲ್ಲ. ರಾಗಿ ಬೆಳೆಯುವವನಿಗೆ ಯಂತ್ರ ಅನುಕೂಲ, ಹಸು ಕಟ್ಟಿದವನಿಗೆ ನಷ್ಟ. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಬ್ಬರೇ. ಹೊಲ ನೋಡಿಕೊಳ್ಳುವ ಗಂಡ ಯಂತ್ರ ಕರೆಸುತ್ತಾನೆ, ಕೊಟ್ಟಿಗೆ ನೋಡಿಕೊಳ್ಳುವ ಹೆಂಡತಿ ಬೇಸಿಗೆಯಲ್ಲಿ ಹುಲ್ಲಿನ ಪೆಂಡಿ ಕೊಳ್ಳುತ್ತಾಳೆ.

ಮತ್ತೆ ಗೋಮಾಳಕ್ಕೆ ಬರೋಣ. ಅದನ್ನು ಒತ್ತುವರಿ ಮಾಡಿದವರೆಲ್ಲ ಕಳ್ಳರು, ದನ ಮೇಯಿಸುವವರೆಲ್ಲ ಸಂತರು ಎಂದು ಬರೆದುಬಿಡುವುದು ಸುಲಭ. ನಿಜ ಅಷ್ಟು ಸುಲಭವಾಗಿಲ್ಲ. ಭೂಮಿ ಇಲ್ಲದ ದಲಿತ ಕುಟುಂಬಗಳಿಗೆ ಊರಿನಲ್ಲಿ ಸಿಗಬಹುದಾಗಿದ್ದ ಏಕೈಕ ಜಮೀನು ಸರ್ಕಾರಿ ಜಮೀನು. ನಮೂನೆ 50, ಆಮೇಲೆ 53, ಆಮೇಲೆ 57. ಬಗರ್‌ಹುಕುಂ, ಅಂದರೆ ಸರ್ಕಾರಿ ಜಮೀನಿನಲ್ಲಿ ಅನುಮತಿಯಿಲ್ಲದೆ ಮಾಡಿದ ಸಾಗುವಳಿಯ ಸಕ್ರಮಕ್ಕೆ ಅರ್ಜಿ ಹಾಕಿ, ಅಪ್ಪ ಹಾಕಿದ ಅರ್ಜಿಯ ರಸೀದಿಯನ್ನು ಮಗ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು ಕಾಯುತ್ತಿರುವ ಮನೆಗಳು ಈ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಅವರಿಗೆ ಗೋಮಾಳ ಎಂದರೆ ಎರಡೆಕರೆ ಭೂಮಿಯ ಹಕ್ಕು. ಮೇಲಿನ ಜಾತಿಯ ದೊಡ್ಡ ಹಿಡುವಳಿದಾರನ ದನಗಳಿಗೆ ಅದೇ ಜಾಗ ಬಯಲು. ಗೋಮಾಳ ಉಳಿಸಿ ಎಂಬ ಕೂಗಿನಲ್ಲಿ ಕೆಲವೊಮ್ಮೆ ದಲಿತರಿಗೆ ಭೂಮಿ ಕೊಡಬೇಡಿ ಎಂಬ ದನಿಯೂ ಸೇರಿಕೊಂಡಿರುತ್ತದೆ. ಅದನ್ನು ಹೇಳದೆ ಬಿಡುವುದು ಅಪ್ರಾಮಾಣಿಕ.

ಆದರೆ ಬಗರ್‌ಹುಕುಂ ಅರ್ಜಿ ಕಾಯುತ್ತಿರುವಾಗಲೇ ಅದೇ ಸರ್ವೆ ನಂಬರಿನಿಂದ ಬೇರೆಯವರ ಕಡತ ಬೇಗ ಬೇಗ ಮುಂದೆ ಹೋಗುತ್ತದೆ. ನಿವೇಶನ ಯೋಜನೆ, ಶಾಲೆ, ಸ್ಮಶಾನ, ವಿದ್ಯುತ್ ಉಪಕೇಂದ್ರ ಇವೆಲ್ಲ ಊರಿಗೂ ಬೇಕಾದ್ದೇ. ಸಂಘಸಂಸ್ಥೆಗಳಿಗೆ, ಟ್ರಸ್ಟುಗಳಿಗೆ ಎಕರೆಗಟ್ಟಲೆ ಮಂಜೂರಾಗುವುದು ಬೇರೆ ಮಾತು. ಗ್ರಾಮದ ಸಾರ್ವಜನಿಕ ಜಮೀನನ್ನು ಹೀಗೆ ಕೈಬಿಡುವುದರ ವಿರುದ್ಧ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕಟುವಾಗಿಯೇ ತೀರ್ಪು ಕೊಟ್ಟಿತು; ಒತ್ತುವರಿ ತೆರವಿಗೆ ಯೋಜನೆ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಭೂಮಿ ಇಲ್ಲದ ಕೂಲಿಕಾರರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಕೊಟ್ಟ ಜಮೀನನ್ನು ಅದೇ ತೀರ್ಪು ಅಪವಾದವಾಗಿ ಪರಿಗಣಿಸಲು ಅವಕಾಶ ಬಿಟ್ಟಿತು. ನ್ಯಾಯಾಲಯ ಕಂಡ ಈ ವ್ಯತ್ಯಾಸ ತಾಲ್ಲೂಕು ಕಚೇರಿಗೆ ಅಷ್ಟಾಗಿ ಕಂಡಂತಿಲ್ಲ.

ಗೋಮಾಳ ಹೋದಾಗ ಮೊದಲು ಏಟು ಬೀಳುವುದು ಸೀಮೆ ಹಸುವಿನ ಒಡೆಯರಿಗಲ್ಲ. ಆ ಹಸು ಕೊಟ್ಟಿಗೆಯಲ್ಲೇ ಕಟ್ಟಿ ಮೇಯುವುದು. ಏಟು ಕುರಿಯವರಿಗೆ. ವಿಚಿತ್ರವೆಂದರೆ ದನ ಕಡಿಮೆಯಾದ ಏಳು ವರ್ಷದಲ್ಲೇ ರಾಜ್ಯದಲ್ಲಿ ಕುರಿಗಳು 96 ಲಕ್ಷದಿಂದ 1 ಕೋಟಿ 10 ಲಕ್ಷಕ್ಕೆ ಏರಿವೆ, ಮೇಕೆಗಳೂ ಏರಿವೆ. ಮಾಂಸದ ಬೆಲೆ ನೋಡಿದರೆ ಕಾರಣ ತಿಳಿಯುತ್ತದೆ. ಹುಲ್ಲು ಕಡಿಮೆ, ಬಾಯಿ ಹೆಚ್ಚು. ಹಿಂದೆ ಸುಗ್ಗಿ ಮುಗಿದ ಹೊಲಗಳಲ್ಲಿ ರೈತರೇ ಕರೆದು ಕುರಿಮಂದೆ ಹಾಕಿಸುತ್ತಿದ್ದರು. ರಾತ್ರಿಯೆಲ್ಲ ಕುರಿ ತಂಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಕುರಿಯವನಿಗೆ ಕಾಳು ಇಲ್ಲವೇ ಕಾಸು. ಈಗ ಹೊಲ ಕೊಂಡ ಬೆಂಗಳೂರಿನವರು ಚೈನ್‌ಲಿಂಕ್ ಬೇಲಿ ಹಾಕಿ ಗೇಟಿಗೆ ಬೀಗ ಜಡಿದಿದ್ದಾರೆ. ಒಳಗೆ ನಾಲ್ಕು ಮಾವಿನ ಗಿಡ, ಒಂದು ನಾಯಿ. ಹೊರಗೆ ಹೆದ್ದಾರಿ. ಬೆಟ್ಟಗುಡ್ಡದ ಕಡೆ ಹೋದರೆ ಚಿರತೆ. ಕುರಿ ಸತ್ತರೆ ‘ಅನುಗ್ರಹ’ ಯೋಜನೆಯಲ್ಲಿ ಪರಿಹಾರ ಇದೆ. 2025–26ರ ಬಜೆಟ್‌ನಲ್ಲಿ ಅದನ್ನು ಕುರಿ-ಮೇಕೆಗೆ 5,000ದಿಂದ 7,500 ರೂಪಾಯಿಗೆ, ದನಕ್ಕೆ 10,000ದಿಂದ 15,000ಕ್ಕೆ ಏರಿಸಲಾಯಿತು. ಸತ್ತ ಕುರಿಗೆ ಸರ್ಕಾರದ ಬಳಿ ದರಪಟ್ಟಿ ಇದೆ, ಬದುಕಿರುವ ಕುರಿಗೆ ದಾರಿ ಇಲ್ಲ. ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿತು. ಸುದ್ದಿ ಕುರಿಯವರಿಗೆ ಯಾರಾದರೂ ಮುಟ್ಟಿಸಬೇಕು.

ಹುಲ್ಲುಗಾವಲಿನ ಮಾತು ಬಂದಾಗ ಪಕ್ಕದ ಹೆಸರಘಟ್ಟ ನೆನಪಾಗುತ್ತದೆ. ಅಲ್ಲಿನ ಐದು ಸಾವಿರ ಎಕರೆಗೂ ಹೆಚ್ಚಿನ ಹುಲ್ಲುಗಾವಲು ಮತ್ತು ಕೆರೆ ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಬೇಕೆಂಬ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ಕೈಬಿಟ್ಟಿತ್ತು. ಪರಿಸರವಾದಿಗಳು ಹೈಕೋರ್ಟಿಗೆ ಹೋದರು. 2024ರ ಅಕ್ಟೋಬರ್‌ನಲ್ಲಿ ಮಂಡಳಿ ಒಪ್ಪಿತು. ಹಕ್ಕಿಗಳಿಗೆ, ನರಿಗಳಿಗೆ ಒಳ್ಳೆಯದಾಯಿತು, ಅರ್ಕಾವತಿ ನದಿಯ ನೀರಿನ ದಾರಿಗೂ ಒಳ್ಳೆಯದು. ಸುತ್ತಲಿನ ಹಳ್ಳಿಗರಲ್ಲಿ ಮಾತ್ರ ನಾಳೆ ದನ ಬಿಡಬೇಡಿ ಎಂದರೆ ಎಂಬ ಅಳುಕು ಇತ್ತು, ವಿರೋಧವೂ ಇತ್ತು. ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲು ಅಭಯಾರಣ್ಯದಷ್ಟು ಬಿಗಿಯಲ್ಲ; ಸ್ಥಳೀಯರೊಡನೆ ಸಮಾಲೋಚಿಸಿಯೇ ಘೋಷಿಸಬೇಕು, ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕು. ಹುಲ್ಲುಗಾವಲು ಹುಲ್ಲುಗಾವಲಾಗಿ ಉಳಿಯಲು ಹದವಾದ ಮೇಯಿಸುವಿಕೆ ಬೇಕು ಎನ್ನುವ ಪರಿಸರ ತಜ್ಞರೂ ಇದ್ದಾರೆ. ಪಕ್ಷಿವೀಕ್ಷಕನೂ ಕುರಿಗಾಹಿಯೂ ಒಂದೇ ಬಯಲು ಕೇಳುತ್ತಿರುವವರು. ಇಬ್ಬರೂ ಜೊತೆಗೆ ಅರ್ಜಿ ಹಾಕಿದ್ದರೆ ಬಡಾವಣೆಯವರಿಗೆ ಕಷ್ಟವಾಗುತ್ತಿತ್ತು.

ಮೇವಿನ ಜೊತೆಗೇ ನೀರು. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕು ಅತಿಬಳಕೆಯ ಪಟ್ಟಿಯಲ್ಲಿದೆ. ಸಾವಿರ ಅಡಿ ಕೊರೆದು ನೀರು ತಂದು ಹುಲ್ಲು ಬೆಳೆಯುವುದು ಎಷ್ಟು ದಿನ? ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ದೊಡ್ಡಬಳ್ಳಾಪುರದ ಒಳಚರಂಡಿ ನೀರು, ಬಾಶೆಟ್ಟಿಹಳ್ಳಿ ಕಡೆಯ ಕಾರ್ಖಾನೆ ನೀರು ಸೇರುತ್ತಿದೆ ಎಂದು ಅಲ್ಲಿನ ಪಂಚಾಯಿತಿಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ದೊಡ್ಡಬೆಳವಂಗಲ ಹೋಬಳಿಯ ಚಿಗರೇನಹಳ್ಳಿ ಬಳಿ ಬೆಂಗಳೂರಿನ ಕಸ ಬಂದು ಬೀಳುವುದರ ವಿರುದ್ಧ 2021ರಲ್ಲಿ ಸುತ್ತಲ ಹಳ್ಳಿಗಳವರು ಬೀದಿಗಿಳಿದಿದ್ದರು. ಬೆಂಗಳೂರಿಗೆ ಹಾಲು ಹೋಗುವ ರಸ್ತೆಯಲ್ಲೇ ಬೆಂಗಳೂರಿನ ಕಸ ಬರುತ್ತದೆ.

ಇನ್ನು ಗಂಡುಕರು. ಇದರ ಬಗ್ಗೆ ಯಾರೂ ದೊಡ್ಡ ದನಿಯಲ್ಲಿ ಮಾತಾಡುವುದಿಲ್ಲ. ಹಳ್ಳಿಕಾರ್ ಗಂಡುಕರುವಿಗೆ ಬೆಲೆ ಇದೆ. ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಜೋಡಿಗೆ ಲಕ್ಷಗಟ್ಟಲೆ ಕೊಡುವವರಿದ್ದಾರೆ, ಪೆಂಡಾಲ್ ಹಾಕಿ, ಹಾರ ಹಾಕಿ, ಓಲಗ ಊದಿಸಿ ಮೆರೆಸುತ್ತಾರೆ. ಸೀಮೆ ಹಸುವಿನ ಗಂಡುಕರು ಉಳುವುದಿಲ್ಲ, ಮಾರಾಟವಾಗುವುದಿಲ್ಲ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಪ್ರಕಾರ ಯಾವ ವಯಸ್ಸಿನ ಹಸು, ಎತ್ತು, ಕರುವನ್ನೂ ಕಸಾಯಿಗೆ ಕೊಡುವಂತಿಲ್ಲ. 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ವಿನಾಯಿತಿ. ಜಿಲ್ಲೆಗೊಂದು ಸರ್ಕಾರಿ ಗೋಶಾಲೆ ಎಂದರು, 2022ರಲ್ಲಿ ಹಸುವೊಂದಕ್ಕೆ ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ಪಡೆಯುವ ‘ಪುಣ್ಯಕೋಟಿ’ ಯೋಜನೆ ಬಂತು. ವರ್ಷಕ್ಕೆ ಹನ್ನೊಂದು ಸಾವಿರ ಎಂದರೆ ದಿನಕ್ಕೆ ಮೂವತ್ತು ರೂಪಾಯಿ. ಅದರಲ್ಲಿ ಒಂದು ದನ ಬದುಕುವುದಿಲ್ಲ ಎಂಬುದು ದನ ಕಟ್ಟಿದ ಯಾರಿಗೂ ಗೊತ್ತು. ಕಾನೂನಿನ ಹಿಂದಿನ ಭಕ್ತಿಯನ್ನು ಯಾರೂ ಪ್ರಶ್ನಿಸಬೇಕಿಲ್ಲ. ಖರ್ಚು ಯಾರ ತಲೆಗೆ ಎಂದು ಕೇಳಬಹುದಲ್ಲ? ಹಾಲು ಕೊಡದ ದನಕ್ಕೂ ಹುಲ್ಲು ಬೇಕು, ಹುಲ್ಲಿಗೆ ಜಾಗ ಬೇಕು. ಹೆಣ್ಣುಕರು ಮಾತ್ರ ಹುಟ್ಟುವಂತೆ ಲಿಂಗ ವಿಂಗಡಿಸಿದ ವೀರ್ಯ ಈಗ ಸಿಗುತ್ತಿದೆ. ಬೆಲೆ ಇಳಿದು ಪ್ರತಿ ಹಳ್ಳಿಗೂ ಮುಟ್ಟಿದರೆ ಈ ಸಂಕಟ ಸ್ವಲ್ಪ ತಗ್ಗೀತು.

ದನ ಸಾಕುವವರ ಮಕ್ಕಳನ್ನು ಕೇಳಿದರೆ ಇವೆಲ್ಲ ವಯಸ್ಸಾದವರ ಚಿಂತೆ. ಮುಂಜಾನೆ ನಾಲ್ಕೂವರೆಗೆ ಎದ್ದು ಸಗಣಿ ಬಾಚುವ ಕೆಲಸಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. 2013ರ ಕಾಲುಬಾಯಿ ಜ್ವರದಲ್ಲಿ, 2022ರ ಚರ್ಮಗಂಟು ರೋಗದಲ್ಲಿ ಸಾಲ ಮಾಡಿ ತಂದ ಹಸು ಕಣ್ಣೆದುರೇ ಸತ್ತದ್ದನ್ನು ಕಂಡವರು ಅವರು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಎಂಟು ಗಂಟೆ ಪಾಳಿ, ತಿಂಗಳ ಸಂಬಳ. ಎಕರೆಗೆ ಕೋಟಿಯ ಮಾತು ಓಡಾಡುವಾಗ ಅಪ್ಪ ಇನ್ನೂ ರಾಗಿ ಬಿತ್ತುವುದು ಅವರಿಗೆ ಹಟದಂತೆ ಕಾಣುತ್ತದೆ. ಅವರನ್ನು ದೂರುವುದು ಬೇಡ. ಹಳ್ಳಿ ಬಿಟ್ಟು ಬಂದು ನಗರದಲ್ಲಿ ಕುಳಿತು ಹಳ್ಳಿ ಉಳಿಸಿ ಎಂದು ಬರೆಯುವವರಿಗಂತೂ ಆ ಹಕ್ಕಿಲ್ಲ.

ಮಾರುವುದಕ್ಕೂ ಈಗ ತಡೆಯಿಲ್ಲ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದೇ ಕಾಯ್ದೆಯಲ್ಲಿ ಗೇಣಿಗೆ ಕೊಡುವುದರ ಮೇಲಿನ ನಿಷೇಧ ಮಾತ್ರ 1974ರಿಂದ ಹಾಗೆಯೇ ಉಳಿದಿದೆ. ಗೇಣಿದಾರನ ರಕ್ಷಣೆಗೆ ಬಂದ ನಿಯಮ ಅದು, ಆ ಕಾಲಕ್ಕೆ ದೊಡ್ಡ ಹೆಜ್ಜೆ. ಇವತ್ತಿನ ಸ್ಥಿತಿ ಏನೆಂದರೆ, ಬೆಂಗಳೂರಿನ ಒಡೆಯ ಐದೆಕರೆ ಕೊಂಡು ಬೀಳುಬಿಟ್ಟಿದ್ದರೂ ಪಕ್ಕದ ಮನೆಯ ಹೆಂಗಸು ಅದರಲ್ಲಿ ಎರಡು ವರ್ಷ ಮೇವು ಬೆಳೆಯಲು ಕಾಗದಪತ್ರ ಮಾಡಿಕೊಳ್ಳುವಂತಿಲ್ಲ. ಕಾಗದವಿಲ್ಲದೆ ಬ್ಯಾಂಕ್ ಸಾಲವಿಲ್ಲ, ಹನಿ ನೀರಾವರಿ ಸಬ್ಸಿಡಿಯಿಲ್ಲ. ಬಾಯಿಮಾತಿನಲ್ಲಿ ಒಪ್ಪಿಕೊಂಡವನು ನಾಳೆ ಬಂದು ಬೇಲಿ ಹಾಕಿದರೆ ಕೇಳುವಂತಿಲ್ಲ.

ಕೊನೆಯದು ಭೂಸ್ವಾಧೀನ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ತೆಗೆದುಕೊಳ್ಳಲು ಹೊರಟಾಗ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಮೂರು ವರ್ಷ ದಾಟಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ತಾವಾಗಿ ಕೊಡುವವರಿಂದ ಮಾತ್ರ ತೆಗೆದುಕೊಳ್ಳುತ್ತೇವೆ ಎಂದೂ ಸೇರಿಸಿದರು. ಕೊಡುತ್ತೇವೆ ಎಂದವರೂ ಇದ್ದರು. ದೊಡ್ಡಬಳ್ಳಾಪುರದ ಕೊನಘಟ್ಟದ ಸುತ್ತ ರೈತರ ಜಗಳ ಬೇರೆ ತರಹದ್ದು. ಅಲ್ಲಿ ಎದ್ದ ಪ್ರಶ್ನೆ ಮುಖ್ಯವಾಗಿ ದರದ್ದು. ಎರಡೂ ರೈತರ ಅಭಿಪ್ರಾಯವೇ. ‘ರೈತರು ಏನು ಹೇಳುತ್ತಾರೆ’ ಎಂದು ಏಕವಚನದಲ್ಲಿ ಕೇಳುವವರಿಗೆ ಈ ಸೀಮೆ ಉತ್ತರ ಕೊಡುವುದಿಲ್ಲ.

ಕೈಗಾರಿಕೆಗೆ ಇಲ್ಲಿ ಜಮೀನು ತೆಗೆದುಕೊಳ್ಳುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ಅಡಿ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯ. ಆ ಅಧ್ಯಯನ ನೋಡಬೇಕಾದ ಪಟ್ಟಿಯಲ್ಲಿ ದನಗಳ ಕುಡಿಯುವ ನೀರು, ಊರ ಕುಂಟೆ, ಗೋಮಾಳ ಎಲ್ಲವೂ ಹೆಸರಿಸಲ್ಪಟ್ಟಿವೆ. ಜಮೀನಿಲ್ಲದಿದ್ದರೂ ಜೀವನೋಪಾಯ ಕಳೆದುಕೊಳ್ಳುವ ಕುಟುಂಬವನ್ನು ಅದು ಬಾಧಿತ ಎಂದು ಗುರುತಿಸುತ್ತದೆ. 1966ರ ರಾಜ್ಯ ಕಾಯ್ದೆಯಲ್ಲಿ ಇಂಥ ಅಧ್ಯಯನದ ಮಾತಿಲ್ಲ. 28(1)ರ ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, 28(4)ರ ಅಂತಿಮ ಅಧಿಸೂಚನೆ, ಅಷ್ಟೇ.

ಮಾಡಬಹುದಾದ್ದನ್ನು ಹೈನುಗಾರರೂ ಇಲಾಖೆಯವರೂ ತಿಳಿಯದವರೇನಲ್ಲ. ಉಳಿದಿರುವ ಗೋಮಾಳಕ್ಕೆ ಸರ್ವೆ ಮಾಡಿಸಿ ಕಲ್ಲು ನೆಟ್ಟು, ಒಂದು ಪಾಲನ್ನು ಮೇವಿಗೆಂದು ಹಾಲು ಸಂಘಕ್ಕೆ ವಹಿಸಬಹುದು, ಇನ್ನೊಂದನ್ನು ಭೂರಹಿತರಿಗೆ ಮೊದಲು ಕೊಡಬಹುದು. ಹೊಸದಾಗಿ ನೆಡುವುದಕ್ಕೆ 2017ರಲ್ಲೇ ನಿಷೇಧವಾದ ನೀಲಗಿರಿಯ ಹಳೆಯ ಬುಡಗಳನ್ನು ಸರ್ಕಾರಿ ಜಮೀನಿನಿಂದಾದರೂ ಕಿತ್ತು ಹುಲ್ಲಿಗೆ ಜಾಗ ಮಾಡಬಹುದು. ಯಂತ್ರ ಬಿಟ್ಟುಹೋದ ರಾಗಿ ಹುಲ್ಲನ್ನು ಪೆಂಡಿ ಕಟ್ಟುವ ಬೇಲರ್ ಅನ್ನು ಹೋಬಳಿಗೆ ಒಂದೆರಡರಂತೆ ಬಾಡಿಗೆಗೆ ಇಡಬಹುದು. ಬೀಳುಬಿದ್ದ ಜಮೀನಿನಲ್ಲಿ ಮೇವು ಬೆಳೆಯಲು, ಒಡೆಯನ ಹಕ್ಕಿಗೆ ಧಕ್ಕೆಯಾಗದ ಹಾಗೆ ವರ್ಷದ ಕರಾರಿಗೆ ಕಾನೂನಿನಲ್ಲಿ ಜಾಗ ಮಾಡಬಹುದು. ಇವುಗಳಲ್ಲಿ ಯಾವುದಕ್ಕೂ ಲೀಟರಿಗೆ ಐದು ರೂಪಾಯಿ ಕೊಡುವಷ್ಟು ಹಣ ಬೇಡ. ಆದರೆ ಕಂದಾಯ, ಪಶುಪಾಲನೆ, ಕೃಷಿ, ಕೈಗಾರಿಕೆ ನಾಲ್ಕು ಇಲಾಖೆಗಳು ಒಂದೇ ಮೇಜಿಗೆ ಬರಬೇಕು. ಅದು ಹಣಕ್ಕಿಂತ ದುಬಾರಿ.

ಆ ಮೇಜಿನ ಸುತ್ತ ಯಾರು ಕೂರಬೇಕು ಎಂಬುದು ಇನ್ನೊಂದು ಪ್ರಶ್ನೆ. ಭೂಸ್ವಾಧೀನದ ನೋಟಿಸು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಪರಿಹಾರದ ಹಣ ಸೇರುವುದೂ ಅವರ ಖಾತೆಗೆ. ಡೇರಿಯ ಪುಸ್ತಕದಲ್ಲಿರುವುದು ಬೇರೆ ಹೆಸರುಗಳು: ಮನೆಯ ಹಿರಿಯ ಸೊಸೆ, ವಿಧವೆ ಅಕ್ಕ, ಊರಾಚೆ ಕಾಲೊನಿಯ ಕೂಲಿ ಹೆಂಗಸು, ಒಂದು ಹಸು ಒಂದು ಕರು ಕಟ್ಟಿಕೊಂಡು ಯಾರದ್ದೋ ಬದುವಿನ ಹುಲ್ಲಲ್ಲಿ ಮಗಳನ್ನು ಕಾಲೇಜು ಓದಿಸುತ್ತಿರುವವಳು. ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಹೊಸ ನಗರದ ನಕ್ಷೆ ಅಂತಿಮವಾಗುವ ಮೊದಲು ಆಗಬೇಕು. ದೊಡ್ಡಬೆಳವಂಗಲ ಹೋಬಳಿಯ ಹಾಲಿನ ಸಂಘಗಳ ಬಳಿ ಒಂದು ಪಟ್ಟಿ ಸಿದ್ಧವಾಗಿಯೇ ಇದೆ. ದಿನಕ್ಕೆ ಎರಡು ಸಲ ಅದರಲ್ಲಿ ಹೊಸ ಲೆಕ್ಕ ಬೀಳುತ್ತದೆ.